ಲೆಕ್ಕದ ಪುಸ್ತಕ ಇಲ್ಲದ ಊರಿನ ಬಹುಮಾನ

(ಗೆಳೆಯರ ಬಳಗವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತದವನಲ್ಲ. ಲೆಕ್ಕದವನು. ಬೇರೆಯವರ ಜಮಾ-ಖರ್ಚು ನೋಡಿಕೊಂಡೇ ತಲೆ ನರೆತಿದೆ. ಅದರಲ್ಲಿ ನಾಲ್ಕು ವರ್ಷ ನೈಜೀರಿಯಾದ ಲಾಗೋಸ್‌ನಲ್ಲಿ ಕಳೆದೆ, 2009ರಿಂದ 2013ರವರೆಗೆ. ಇಕೆಜಾ ಕಡೆ ಒಂದು ಕಂಪನಿಯ ಲೆಕ್ಕಪತ್ರ ನನ್ನ ಪಾಲಿಗಿತ್ತು. ಹಾಗಾಗಿ ಇವತ್ತು ಹಾಡಿನ ಬಗ್ಗೆ ಮಾತಾಡಿದರೂ ಕೊನೆಗೆ ಲೆಕ್ಕಕ್ಕೇ ಬಂದು ನಿಲ್ಲುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಈಚೆಗೆ ನನ್ನ ತಂಗಿಯ ಮಗನ ಆರತಕ್ಷತೆ ಆಯಿತು. ಊಟ ಮುಗಿದ ಮೇಲೆ ಹುಡುಗರು ಡಿಜೆ ಹಚ್ಚಿದರು. ಎರಡು ಕನ್ನಡ ಹಾಡು, ಒಂದು ಪಂಜಾಬಿ, ಆಮೇಲೆ ಇದ್ದಕ್ಕಿದ್ದ ಹಾಗೆ ರೆಮಾ ಹಾಡಿದ ‘ಕಾಮ್ ಡೌನ್’. ನಿಮಗೆಲ್ಲ ಗೊತ್ತಿರುವ ಹಾಡೇ. ರೀಲ್ಸ್‌ನಲ್ಲಿ ಕೇಳಿ ಕೇಳಿ ಸಾಕಾಗಿರುತ್ತದೆ. ಹುಡುಗರನ್ನು ಕೇಳಿದೆ, ‘ಇವನು ಎಲ್ಲಿಯವನು ಗೊತ್ತೇನ್ರೋ?’ ಒಬ್ಬ ಅಮೆರಿಕ ಅಂದ, ಇನ್ನೊಬ್ಬ ಜಮೈಕಾ ಅಂದ. ಅಲ್ಲ, ನೈಜೀರಿಯಾದ ಬೆನಿನ್ ಸಿಟಿಯ ಹುಡುಗ. 2023ರಲ್ಲಿ ಅದೇ ಹಾಡಿನ ಇನ್ನೊಂದು ರೂಪ, ಸೆಲೆನಾ ಗೊಮೆಜ್ ಜೊತೆ ಹಾಡಿದ್ದು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೇ ಜಾಗಕ್ಕೆ ಏರಿತು. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ, 2019ರಲ್ಲಿ, ಲಾಗೋಸ್‌ನ ಒಂದು ವೇದಿಕೆಯ ಮೇಲೆ ‘ಮುಂದಿನ ದೊಡ್ಡವನು ಇವನೇ’ ಅಂತ ಅವನ ಕೈಗೆ ಬಹುಮಾನ ಕೊಟ್ಟಾಗಿತ್ತು.

ಆ ವೇದಿಕೆಯ ಹೆಸರು ಹೆಡೀಸ್, ನೈಜೀರಿಯಾದ ಸಂಗೀತ ಬಹುಮಾನ. ಇವತ್ತಿನ ಮಾತು ಅದರ ಬಗ್ಗೆ.

ಹೆಡೀಸ್ ಅನ್ನುವುದು ಆಮೇಲಿನ ಹೆಸರು. 2006ರಲ್ಲಿ ಶುರುವಾದಾಗ ಅದು ಹಿಪ್ ಹಾಪ್ ವರ್ಲ್ಡ್ ಅವಾರ್ಡ್ಸ್ ಆಗಿತ್ತು. ಅಯೋ ಅನಿಮಶಾನ್ ಅನ್ನುವವರು ‘ಹಿಪ್ ಹಾಪ್ ವರ್ಲ್ಡ್’ ಎಂಬ ಪತ್ರಿಕೆ ನಡೆಸುತ್ತಿದ್ದರು. ಅದರ ಹೆಸರಲ್ಲೇ ಬಹುಮಾನ. ಮೊದಲ ಸಮಾರಂಭ ನಡೆದದ್ದು ಲಾಗೋಸ್‌ನ ಮ್ಯೂಸನ್ ಸೆಂಟರ್‌ನಲ್ಲಿ. ಈ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಮ್ಯೂಸನ್ ಅಂದರೆ ನೈಜೀರಿಯಾದ ಸಂಗೀತ ಸಂಘ. ಪಿಯಾನೋ, ವಯೊಲಿನ್, ಕಾಯಿರ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮನೆ ಅದು. ಅಲ್ಲಿಗೆ ಜೋಲು ಪ್ಯಾಂಟಿನ ಹುಡುಗರು ಬಹುಮಾನ ತೆಗೆದುಕೊಳ್ಳಲು ಹೋದರು. ನಮ್ಮಲ್ಲಿ ಕಛೇರಿ ನಡೆಯುವ ಗಾಯನ ಸಭೆಯೊಳಗೆ ರ‍್ಯಾಪ್ ಹುಡುಗರು ನುಗ್ಗಿದ ಹಾಗೆ.

ಹಿಪ್ ಹಾಪ್ ಅಂತ ಹೆಸರಿಟ್ಟರೂ ಬಹುಮಾನ ಹಿಪ್ ಹಾಪ್‌ಗೆ ಮಾತ್ರ ಇರಲಿಲ್ಲ. ಪ್ರೇಮಗೀತೆ ಹಾಡುವವರು, ರೆಗ್ಗೆ ಹಾಡುವವರು, ಕುಣಿಸುವವರು, ಎಲ್ಲರೂ ಪಟ್ಟಿಯಲ್ಲಿದ್ದರು. ಯಾಕೆ ಹಾಗೆ? ಆ ಹೊತ್ತಿಗೆ ನೈಜೀರಿಯಾದಲ್ಲಿ ‘ಹಿಪ್ ಹಾಪ್’ ಅಂದರೆ ‘ಹೊಸ ಹುಡುಗರ ಹಾಡು’ ಅಂತ ಅರ್ಥ. ಹಳಬರಿಗೆ ಜುಜು ಇತ್ತು, ಹೈಲೈಫ್ ಇತ್ತು, ಫುಜಿ ಇತ್ತು, ಫೇಲಾ ಕುಟಿಯ ಆಫ್ರೋಬೀಟ್ ಇತ್ತು. ಇವು ಯಾವುದೂ ಅಲ್ಲದ್ದಕ್ಕೆಲ್ಲ ಒಂದೇ ಚೀಟಿ ಅಂಟಿಸಿದ್ದರು. 2011ರಲ್ಲಿ ಹೆಸರು ಬದಲಾಯಿತು. ಅಷ್ಟರಲ್ಲಿ ಹಾಡು ಹಿಪ್ ಹಾಪ್ ಎಂಬ ಅಂಗಿಯೊಳಗೆ ಹಿಡಿಸದಷ್ಟು ದಪ್ಪ ಆಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಬಹುಮಾನ ಯಾಕೆ ಬೇಕಾಯಿತು ಅಂತ ತಿಳಿಯಲು ಅದಕ್ಕೂ ಹಿಂದಿನ ಬರಗಾಲ ತಿಳಿಯಬೇಕು. 80ರ ದಶಕದ ಕೊನೆಗೆ ನೈಜೀರಿಯಾದ ದುಡ್ಡು ಬಿತ್ತು. ಮಿಲಿಟರಿ ಆಡಳಿತ. ಅಲ್ಲಿ ಅಂಗಡಿ ತೆರೆದಿದ್ದ ವಿದೇಶಿ ಸಂಗೀತ ಕಂಪನಿಗಳು ಒಂದೊಂದಾಗಿ ಗಂಟು ಕಟ್ಟಿದವು. 1992ರಲ್ಲಿ ಖಾಸಗಿ ರೇಡಿಯೊಗೆ ದಾರಿ ಬಿಟ್ಟರು, 1994ರಲ್ಲಿ ರೇ ಪವರ್ ಎಂಬ ಮೊದಲ ಖಾಸಗಿ ಸ್ಟೇಷನ್ ಬಂತು. ಹಾಡು ಹಾಕಲು ಜಾಗ ಸಿಕ್ಕಿತು. ಆದರೆ ಹಾಕಲು ಸ್ವಂತ ಹಾಡು ಎಲ್ಲಿ? ಹುಡುಗರು ಅಮೆರಿಕದ ಹಾಡಿನ ತಾಳ ತೆಗೆದುಕೊಂಡು ಅದರ ಮೇಲೆ ತಮ್ಮ ಮಾತು ಸೇರಿಸಿದರು. 1997ರಲ್ಲಿ ರೆಮಿಡೀಸ್ ಎಂಬ ಮೂವರ ತಂಡ ಹಾಗೇ ಮಾಡಿತು. ತಾಳ ಅಮೆರಿಕದ್ದು, ಮಾತು ಅಲ್ಲಿನ ಯೊರುಬಾ ಭಾಷೆ ಮತ್ತು ಪಿಜಿನ್ ಎಂಬ ಬೆರಕೆ ಇಂಗ್ಲಿಷ್. ಊರಿಗೆ ಊರೇ ಹಾಡಿತು. ಅದೇ ವರ್ಷ ಫೇಲಾ ತೀರಿಕೊಂಡದ್ದು. ಕಾಲ ಎಷ್ಟು ಅಚ್ಚುಕಟ್ಟಾಗಿ ಗೆರೆ ಎಳೆಯುತ್ತದೆ ನೋಡಿ.

ಆ ಮೂವರಲ್ಲಿ ಒಬ್ಬ ಈಡ್ರಿಸ್ ಅಬ್ದುಲ್‌ಕರೀಮ್. 2004ರಲ್ಲಿ ಅಮೆರಿಕದ ರ‍್ಯಾಪರ್ 50 ಸೆಂಟ್ ನೈಜೀರಿಯಾಕ್ಕೆ ಬಂದಾಗ ವಿಮಾನದ ಮುಂದಿನ ಸೀಟಿನ ವಿಷಯಕ್ಕೆ ಅವನ ಬಳಗಕ್ಕೂ ಈಡ್ರಿಸ್‌ಗೂ ಜಗಳ ಹತ್ತಿತು. ‘ನನ್ನ ಊರಲ್ಲಿ ನಾನು ಹಿಂದೆ ಕೂರಬೇಕಾ?’ ಅನ್ನುವುದು ಈಡ್ರಿಸ್‌ನ ಜಗಳದ ತಿರುಳು. ಆಗ ಬೈದವರು ಜಾಸ್ತಿ. ನನಗೆ ಮಾತ್ರ ಆ ಸೀಟಿನ ಜಗಳವೇ ಎರಡು ವರ್ಷ ಆದಮೇಲೆ ಬಹುಮಾನದ ವೇದಿಕೆಯಾಗಿ ಬಂತು ಅನ್ನಿಸುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ಅಲ್ಲ. ಎರಡರಲ್ಲೂ ಕೇಳಿದ್ದು ಒಂದೇ: ಮುಂದಿನ ಸಾಲು ಯಾರಿಗೆ?

ಈಗ ನನ್ನ ಕಸುಬಿಗೆ ಬರುತ್ತೇನೆ. ಲಾಗೋಸ್‌ನಲ್ಲಿ ಅಲಾಬಾ ಅಂತ ಒಂದು ಮಾರುಕಟ್ಟೆ ಇದೆ. ಎಲೆಕ್ಟ್ರಾನಿಕ್ಸ್ ಸಾಮಾನಿನ ಸಂತೆ. ನಮ್ಮ ಎಸ್.ಪಿ. ರೋಡನ್ನು ಹತ್ತಾರು ಪಟ್ಟು ಹಿಗ್ಗಿಸಿ, ಮೇಲೆ ಜನರೇಟರ್ ಹೊಗೆ ಸೇರಿಸಿದರೆ ಹೇಗೋ ಹಾಗೆ. ಒಂದು ಆಫೀಸ್ ಸ್ಟೆಬಿಲೈಸರ್ ಕೊಳ್ಳಲು ನಾನು ಮೊದಲು ಹೋದದ್ದು. ಸಿಡಿ ರಾಶಿ ನೋಡಿ ಬೆಚ್ಚಿಬಿದ್ದೆ. ಒಂದೇ ಸಿಡಿಯಲ್ಲಿ ಇಪ್ಪತ್ತು ಮೂವತ್ತು ಗಾಯಕರ ಹಾಡು, ಯಾವುದೋ ಡಿಜೆಯ ಹೆಸರು, ಬೆಲೆ ಒಂದು ತಂಪು ಪಾನೀಯದಷ್ಟು. ಆ ಗಾಯಕರಿಗೆ ಅದರಿಂದ ಒಂದು ಕಾಸೂ ಹೋಗುವುದಿಲ್ಲ. ಇಷ್ಟೇ ಆದರೆ ಬರೀ ಕಳ್ಳಮಾಲಿನ ಕತೆ. ತಮಾಷೆ ಏನೆಂದರೆ, ಅಸಲಿ ಸಿಡಿ ಹಂಚುವವರೂ ಅದೇ ಅಲಾಬಾದವರು. ಗಾಯಕರು ಅಲ್ಲಿನ ವ್ಯಾಪಾರಿಗೆ ಆಲ್ಬಂ ಕೊಟ್ಟು ಒಂದು ಗಂಟು ಹಣ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಿತು, ದೇವರಿಗೇ ಗೊತ್ತು.

ಅಂದರೆ ಏನಾಯಿತು? ಯಾರ ಹಾಡು ನಿಜಕ್ಕೂ ಹೆಚ್ಚು ಓಡಿತು ಅಂತ ಹೇಳಲು ಯಾರ ಹತ್ತಿರವೂ ಲೆಕ್ಕ ಇಲ್ಲ. ಅಮೆರಿಕಕ್ಕೆ ಬಿಲ್‌ಬೋರ್ಡ್ ಇತ್ತು. ನೈಜೀರಿಯಾಕ್ಕೆ ನಂಬಬಹುದಾದ ವಾರದ ಪಟ್ಟಿ, ಟರ್ನ್‌ಟೇಬಲ್ ಚಾರ್ಟ್ಸ್, ಬಂದದ್ದು 2020ರಲ್ಲಿ. ಸ್ಪಾಟಿಫೈ ಬಂದದ್ದು 2021ರಲ್ಲಿ. ಅದಕ್ಕೆ ಮೊದಲಿನ ಒಂದೂವರೆ ದಶಕ ಗಾಯಕನೊಬ್ಬ ‘ನಾನು ಈ ವರ್ಷ ಗೆದ್ದೆ’ ಅನ್ನಬೇಕಾದರೆ ತೋರಿಸಲು ಕಾಗದ ಏನಿತ್ತು? ಬಹುಮಾನ ಒಂದೇ. ಹೆಡೀಸ್‌ನ ಪಟ್ಟಿಯೇ ಆ ಊರಿನ ಖಾತೆ ಪುಸ್ತಕ. ತಪ್ಪುಗಳಿರುವ, ಗೀಚಿರುವ, ಕೆಲವು ಪುಟ ಹರಿದಿರುವ ಪುಸ್ತಕ. ಆದರೂ ಇದ್ದದ್ದು ಅದೇ. ಅದಕ್ಕೇ ಅಲ್ಲಿ ಜಗಳ ಅಷ್ಟು ಜೋರು. ಸುಮ್ನೆ ಫಲಕಕ್ಕಾಗಿ ಯಾರೂ ಅಷ್ಟು ಕೂಗಾಡುವುದಿಲ್ಲ. ಪ್ರಾಯೋಜಕರು ನೋಡುವುದು ಆ ಪಟ್ಟಿ, ಮುಂದಿನ ಕಾರ್ಯಕ್ರಮದ ಸಂಭಾವನೆ ಏರುವುದು ಆ ಪಟ್ಟಿಯಿಂದ.

ಬಹುಮಾನಗಳ ವಿಭಾಗಗಳನ್ನು ನೋಡುವುದು ನನಗೆ ಇಷ್ಟ. ಲೆಕ್ಕದ ಪುಸ್ತಕದಲ್ಲೂ ಅಷ್ಟೇ, ಮೊತ್ತಕ್ಕಿಂತ ಶೀರ್ಷಿಕೆಗಳು ಜಾಸ್ತಿ ಮಾತಾಡುತ್ತವೆ. ವರ್ಷದ ಹಾಡು, ವರ್ಷದ ಆಲ್ಬಂ ಎಲ್ಲ ಕಡೆ ಇರುತ್ತವೆ, ಅವನ್ನು ಬಿಡಿ. ‘ಲಿರಿಸಿಸ್ಟ್ ಆನ್ ದ ರೋಲ್’ ಅಂತ ಒಂದಿದೆ. ಪದ ಕಟ್ಟುವುದರಲ್ಲಿ ಗಟ್ಟಿಗ ಯಾರು ಅಂತ ಆರಿಸುವುದು. ಅದನ್ನು ಮೋಡ್‌ನೈನ್ ಎಂಬ ರ‍್ಯಾಪರ್ ಮತ್ತೆ ಮತ್ತೆ ಗೆದ್ದ. ಬೇರೆಯವರಿಗೆ ಬೇಸರ ಬರುವಷ್ಟು ಸಲ ಗೆದ್ದ. ಅವನು ಬರೆಯುತ್ತಿದ್ದದ್ದು ಇಂಗ್ಲಿಷ್‌ನಲ್ಲಿ, ಭಾರೀ ಕಸುಬಿನ ಇಂಗ್ಲಿಷ್. ಬಲ್ಲವರು ತಲೆದೂಗಿದರು. ಆದರೆ ನಾನಿದ್ದ ಕಾಲದಲ್ಲಿ ಡ್ಯಾನ್ಫೋಗಳಲ್ಲಿ, ಅಂದರೆ ಆ ಹಳದಿ ವ್ಯಾನುಗಳಲ್ಲಿ, ನನ್ನ ಕಿವಿಗೆ ಬೀಳುತ್ತಿದ್ದದ್ದು ಬೇರೆ ದನಿ. ಡಗ್ರಿನ್‌ದು.

ಡಗ್ರಿನ್ ಯೊರುಬಾದಲ್ಲಿ ರ‍್ಯಾಪ್ ಮಾಡುತ್ತಿದ್ದ. ಅವನಿಗಿಂತ ಮೊದಲೂ ಮಾಡಿದವರಿದ್ದರು. ಆದರೆ 2009ರಲ್ಲಿ ಬಂದ ಅವನ ‘ಸಿ.ಇ.ಒ.’ ಆಲ್ಬಂ ಬೀದಿಯ ಮಾತನ್ನು ತೊಳೆದು ಒರೆಸದೆ ಹಾಗೇ ತಂದಿಟ್ಟಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಯೊರುಬಾ ಸ್ವರದ ಭಾಷೆ. ಮೇಲು, ನಡು, ಕೆಳಗು ಅಂತ ಮೂರು ಏರಿಳಿತ. ‘ಒವೊ’ ಅಂದರೆ ದುಡ್ಡು. ಅದರ ಹತ್ತಿರದ ಉಚ್ಚಾರಕ್ಕೆ ದನಿ ಎತ್ತಿ ಇಳಿಸಿದರೆ ಕೈ ಆಗುತ್ತದೆ, ಪೊರಕೆ ಆಗುತ್ತದೆ, ಗೌರವ ಆಗುತ್ತದೆ. ಇಂಥ ಭಾಷೆಯಲ್ಲಿ ತಾಳಕ್ಕೆ ಸಿಕ್ಕಾಪಟ್ಟೆ ವೇಗವಾಗಿ ಮಾತು ಹಾಕುವುದೆಂದರೆ, ಪ್ರಾಸ ಕೂಡಬೇಕು, ತಾಳ ಕೂಡಬೇಕು, ಜೊತೆಗೆ ದನಿಯ ಏರಿಳಿತವೂ ಕೂಡಬೇಕು. ಇಲ್ಲದಿದ್ದರೆ ಗೌರವ ಕೊಡಲು ಹೋಗಿ ಪೊರಕೆ ಕೊಟ್ಟಂತಾಗುತ್ತದೆ. ನನಗೆ ಇದನ್ನೆಲ್ಲ ಹೇಳಿಕೊಟ್ಟದ್ದು ನಮ್ಮ ಆಫೀಸಿನ ಕಾರಿನ ಡ್ರೈವರ್. ನಾನು ‘ಒವೊ’ ಅಂದಾಗಲೆಲ್ಲ ‘ಓಗಾ, ನೀವು ಈಗ ಪೊರಕೆ ಕೇಳಿದಿರಿ’ ಅಂತ ನಗುತ್ತಿದ್ದ. ಓಗಾ ಅಂದರೆ ಸಾಹೇಬರು, ಯಜಮಾನರು, ಹೀಗೆ.

2010ರ ಏಪ್ರಿಲ್‌ನಲ್ಲಿ ಡಗ್ರಿನ್‌ನ ಕಾರು ರಾತ್ರಿ ಹೊತ್ತು ನಿಂತಿದ್ದ ಲಾರಿಗೆ ಗುದ್ದಿತು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಏಪ್ರಿಲ್ 22ರಂದು ತೀರಿಕೊಂಡ. ಮರುದಿನ ಡ್ರೈವರ್ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ರೇಡಿಯೊ ಮಾತ್ರ ಜೋರಾಗಿ ಇಟ್ಟಿದ್ದ. ಮುಂದಿನ ತಿಂಗಳು ಹಿಪ್ ಹಾಪ್ ವರ್ಲ್ಡ್ ಅವಾರ್ಡ್ಸ್‌ನಲ್ಲಿ ವರ್ಷದ ಅತ್ಯುತ್ತಮ ರ‍್ಯಾಪ್ ಆಲ್ಬಂ ‘ಸಿ.ಇ.ಒ.’ ಅಂತ ಸಾರಿದರು. ತೆಗೆದುಕೊಳ್ಳಲು ಅವನಿರಲಿಲ್ಲ. ಆದರೂ ಯೊರುಬಾದಲ್ಲಿ ಮಾಡಿದ ಬೀದಿ ರ‍್ಯಾಪ್ ಖಾತೆ ಪುಸ್ತಕಕ್ಕೆ ಏರಿತು. ಆ ದಾರಿಯಲ್ಲೇ ಆಮೇಲೆ ಒಲಾಮಿಡೆ ಬಂದ. ನಮ್ಮಲ್ಲೂ ಕನ್ನಡದಲ್ಲಿ ರ‍್ಯಾಪ್ ಮಾಡಿದರೆ ನಡೆಯುತ್ತದಾ ಅಂತ ಒಂದು ಕಾಲಕ್ಕೆ ಅನುಮಾನ ಪಟ್ಟವರಿದ್ದರು, ಅಲ್ವಾ? ಆ ಅನುಮಾನದ ರುಚಿ ನಮಗೂ ಗೊತ್ತು.

ಇನ್ನು ‘ನೆಕ್ಸ್ಟ್ ರೇಟೆಡ್’. ಇದೇ ಹೆಡೀಸ್‌ನ ಜೀವ. ಈಗಷ್ಟೇ ಏರುತ್ತಿರುವ, ನಾಳೆ ದೊಡ್ಡವನಾಗುವ ಗಾಯಕನಿಗೆ ಕೊಡುವ ಬಹುಮಾನ. ಜೊತೆಗೆ ಒಂದು ಕಾರು. 2011ರಲ್ಲಿ ವಿಜ್‌ಕಿಡ್ ಗೆದ್ದ. 2012ರಲ್ಲಿ ಡೇವಿಡೊ. ಆಮೇಲೆ ಶಾನ್ ಟಿಜಲ್, ಪಟೊರ‍್ಯಾಂಕಿಂಗ್, ರೀಕಾಡೊ ಬ್ಯಾಂಕ್ಸ್, ಮಿಸ್ಟರ್ ಈಜಿ. 2018ರಲ್ಲಿ ಮೇಯೊರ್ಕುನ್, 2019ರಲ್ಲಿ ನಮ್ಮ ಆರತಕ್ಷತೆಯ ರೆಮಾ. ಇದರಲ್ಲಿ ಹಲವರು ಇವತ್ತು ಲಂಡನ್, ಪ್ಯಾರಿಸ್‌ನ ದೊಡ್ಡ ಸಭಾಂಗಣ ತುಂಬಿಸುತ್ತಾರೆ. ಭವಿಷ್ಯ ಹೇಳುವವರಲ್ಲಿ ಇಷ್ಟು ಸರಿ ಹೇಳಿದವರು ಕಡಿಮೆ. ಹಾಗಂತ ಎಲ್ಲ ಸರಿ ಅಲ್ಲ. ಗ್ರ್ಯಾಮಿ ಗೆದ್ದ ನೈಜೀರಿಯಾದ ಗಾಯಕ ಬರ್ನಾ ಬಾಯ್ ಹೆಸರು ಈ ಗೆದ್ದವರ ಸಾಲಿನಲ್ಲಿ ಇಲ್ಲವೇ ಇಲ್ಲ. ಆಡಿಟ್‌ನಲ್ಲಿ ಇದನ್ನು ದೊಡ್ಡ ಲೋಪ ಅನ್ನುತ್ತೇವೆ.

ಜಗಳಕ್ಕೆ ಬರೋಣ. ನೀವೆಲ್ಲ ಅದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

2015ರ ಸಮಾರಂಭ ನಡೆದದ್ದು 2016ರ ಜನವರಿ 1ರಂದು. ಇದೂ ಅಲ್ಲಿನ ರೀತಿ. ಹೆಸರಿನ ವರ್ಷ ಒಂದು, ನಡೆಯುವ ದಿನ ಇನ್ನೊಂದು, ಕೆಲವು ವರ್ಷ ನಡೆಯುವುದೇ ಇಲ್ಲ. ಲೆಕ್ಕದವನಿಗೆ ಹೊಟ್ಟೆ ಉರಿಯುತ್ತದೆ, ಇರಲಿ. ವಿಕ್ಟೋರಿಯಾ ಐಲೆಂಡ್‌ನ ಇಕೊ ಹೋಟೆಲ್. ನೆಕ್ಸ್ಟ್ ರೇಟೆಡ್‌ಗೆ ಇಬ್ಬರ ನಡುವೆ ಬಿಗಿ ಪೈಪೋಟಿ. ಒಬ್ಬ ರೀಕಾಡೊ ಬ್ಯಾಂಕ್ಸ್, ಡಾನ್ ಜ್ಯಾಜಿಯ ಮೇವಿನ್ ಕಂಪನಿಯವನು. ಇನ್ನೊಬ್ಬ ಲಿಲ್ ಕೇಶ್, ಒಲಾಮಿಡೆಯ ವೈಬಿಎನ್ಎಲ್ ಕಂಪನಿಯವನು. ಆ ವರ್ಷ ಬೀದಿಬೀದಿಯಲ್ಲಿ ಕೇಳಿಸಿದ್ದು ಕೇಶ್. ಆದರೆ ಈ ಬಹುಮಾನ ತೀರ್ಮಾನ ಆಗುವುದು ಜನರ ಆನ್‌ಲೈನ್ ಮತದಿಂದ. ಮತದಲ್ಲಿ ಗೆದ್ದದ್ದು ರೀಕಾಡೊ. ಒಲಾಮಿಡೆ ಮೈಕ್ ಹಿಡಿದು, ಇದು ನಮ್ಮ ಹುಡುಗನಿಗೆ ಬರಬೇಕಿತ್ತು ಅಂತ ಎಲ್ಲರ ಮುಂದೆ ಹೇಳಿಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಡಾನ್ ಜ್ಯಾಜಿ ವೇದಿಕೆಗೆ ಬಂದವನು, ಕಾರು ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು ಅನ್ನುವ ಅರ್ಥದ ಮಾತು ಎಸೆದ. ಆ ರಾತ್ರಿಯೇ ಟ್ವಿಟರ್‌ನಲ್ಲಿ ಬೆಂಕಿ. ಮೇನ್‌ಲ್ಯಾಂಡ್ ಕಡೆ ಕಾಲಿಡಬೇಡ ಅಂತ ಒಲಾಮಿಡೆ ಎಚ್ಚರಿಕೆ ಕೊಟ್ಟ.

ಈ ಮಾತು ಅರ್ಥ ಆಗಲು ಲಾಗೋಸ್‌ನ ನಕ್ಷೆ ಬೇಕು. ಒಂದು ಕಡೆ ನೀರಿನಾಚೆಯ ದ್ವೀಪಗಳು, ಬ್ಯಾಂಕು, ಹೋಟೆಲು, ಹಣವಂತರ ಮನೆ. ಇನ್ನೊಂದು ಕಡೆ ಮೇನ್‌ಲ್ಯಾಂಡ್, ಜನಸಾಗರ. ನಡುವೆ ಹನ್ನೊಂದು ಕಿಲೋಮೀಟರ್‌ಗೂ ಉದ್ದದ ಸೇತುವೆ. ಅದರ ಮೇಲಿನ ಟ್ರಾಫಿಕ್‌ನಲ್ಲಿ ನನ್ನ ಆಯುಸ್ಸಿನ ಒಂದು ಪಾಲು ಹೋಗಿದೆ. ಬಹುಮಾನ ಕೊಟ್ಟದ್ದು ದ್ವೀಪದಲ್ಲಿ. ಹಾಡು ಹುಟ್ಟಿದ್ದು ಮೇನ್‌ಲ್ಯಾಂಡಿನ ಬರಿಗಾ, ಶೊಮೊಲು ಕಡೆಯ ಗಲ್ಲಿಗಳಲ್ಲಿ. ಒಲಾಮಿಡೆಯ ಮಾತಿನಲ್ಲಿ ಸೊಕ್ಕು ಇತ್ತು, ನಿಜ. ಕೆಲವೇ ದಿನದಲ್ಲಿ ಇಬ್ಬರೂ ಕ್ಷಮೆ ಕೇಳಿ ಮುಗಿಸಿದರು. ಆದರೆ ಅವನು ಕೇಳಿದ ಪ್ರಶ್ನೆ ಸೊಕ್ಕಿನದಲ್ಲ ಅಂತ ನನ್ನ ಅಭಿಪ್ರಾಯ. ಆನ್‌ಲೈನ್ ಮತ ಹಾಕುವವರು ಯಾರು? ಡೇಟಾ ಇರುವವರು. ಹಾಡು ಕೇಳುವವರು ಯಾರು? ಎಲ್ಲರೂ. ಈ ಎರಡು ಗುಂಪಿನ ನಡುವೆ ಒಂದು ಸೇತುವೆಯಷ್ಟು ದೂರ ಇತ್ತು.

ಈ ಕತೆಗೆ ಒಂದು ಬಾಲ ಇದೆ. 2023ರ ನೆಕ್ಸ್ಟ್ ರೇಟೆಡ್ ಗೆದ್ದದ್ದು ಅಸಾಕೆ. ಅವನನ್ನು ಬೆಳಕಿಗೆ ತಂದ ಕಂಪನಿ ಒಲಾಮಿಡೆಯ ವೈಬಿಎನ್ಎಲ್. ಆದರೆ ಆ ಬಹುಮಾನ ಕೊಟ್ಟ ಊರು ಲಾಗೋಸ್ ಅಲ್ಲ. ಅಟ್ಲಾಂಟಾ.

ಹೌದು, 2022 ಮತ್ತು 2023ರಲ್ಲಿ ಹೆಡೀಸ್ ನಡೆದದ್ದು ಅಮೆರಿಕದ ಅಟ್ಲಾಂಟಾದಲ್ಲಿ, ಕಾಬ್ ಎನರ್ಜಿ ಸೆಂಟರ್ ಎಂಬ ರಂಗಮಂದಿರದಲ್ಲಿ. 2022ರಲ್ಲಿ ನೆಕ್ಸ್ಟ್ ರೇಟೆಡ್‌ಗೆ ಬೆಂಟ್ಲಿ ಕಾರು ಅಂತ ಘೋಷಣೆ ಬೇರೆ. ಹಾಡು ಜಗತ್ತಿಗೆ ಹೋಗಿದೆ, ಸಮಾರಂಭವೂ ಹೋಗಲಿ ಅನ್ನುವುದು ಸಂಘಟಕರ ವಾದ. ಪೂರ್ತಿ ತಪ್ಪು ಅನ್ನಲಾರೆ. ಅಟ್ಲಾಂಟಾ ಕರಿಯರ ಸಂಗೀತದ ದೊಡ್ಡ ಊರು, ನೈಜೀರಿಯಾದವರೂ ಅಲ್ಲಿ ಬಹಳ ಇದ್ದಾರೆ. ಆದರೆ ಯೋಚನೆ ಮಾಡಿ. ಲಾಗೋಸ್ ಮೇನ್‌ಲ್ಯಾಂಡಿನ ಮುಶಿನ್‌ನ ಗಲ್ಲಿಯಿಂದ ಈಗಷ್ಟೇ ಎದ್ದ ಹುಡುಗ. ಅವನ ಹೆಸರು ಪಟ್ಟಿಯಲ್ಲಿದೆ. ಹೋಗಬೇಕಾದರೆ ಅಮೆರಿಕದ ವೀಸಾ ಬೇಕು, ವಿಮಾನದ ಟಿಕೆಟ್ ಬೇಕು. ಹಿಂದೆ ಡಾಲರ್‌ಗೆ ನೂರೈವತ್ತು ನೈರಾ ಕೊಡುತ್ತಿದ್ದ ಕಾಲ ನಾನು ಕಂಡಿದ್ದೇನೆ. 2023ರಲ್ಲಿ ನೈರಾ ಎಲ್ಲಿಗೆ ಬಿತ್ತೋ ಪೇಪರ್ ಓದುವವರಿಗೆ ಗೊತ್ತು. ಹೊಸಬನಿಗೆ ಅಂತಲೇ ಇರುವ ಬಹುಮಾನವನ್ನು ಹೊಸಬ ತಲುಪಲಾರದ ಊರಿನಲ್ಲಿ ಕೊಟ್ಟರೆ ಅದಕ್ಕೆ ಏನನ್ನುವುದು? ನೈಜೀರಿಯಾದಲ್ಲಿ ಇಂಥದ್ದಕ್ಕೆ ಒಂದೇ ಪದ: ವಹಾಲಾ. ತಲೆನೋವು, ರಗಳೆ, ತಾಪತ್ರಯ, ಎಲ್ಲ ಅದರಲ್ಲೇ ಬಂತು.

ಅದೇ ಹೊತ್ತಿಗೆ ಖಾತೆ ಪುಸ್ತಕದ ಕೆಲಸವೂ ಕೈ ಬದಲಾಯಿಸುತ್ತಿತ್ತು. ಈಗ ಯಾವ ಹಾಡು ಎಷ್ಟು ಸಲ ಕೇಳಿದರು ಅಂತ ಫೋನೇ ಹೇಳುತ್ತದೆ. ಗ್ರ್ಯಾಮಿಯಲ್ಲಿ ಆಫ್ರಿಕಾದ ಹಾಡಿಗೇ ಹೊಸ ವಿಭಾಗ ಬಂತು, 2024ರಲ್ಲಿ ಮೊದಲ ಸಲ ಕೊಟ್ಟರು. ಅಂತಿಮ ಪಟ್ಟಿಯ ಐದರಲ್ಲಿ ನಾಲ್ಕು ಹಾಡು ನೈಜೀರಿಯಾದವರದು. ಗೆದ್ದದ್ದು ದಕ್ಷಿಣ ಆಫ್ರಿಕಾದ ಟೈಲಾ! ಲಾಗೋಸ್‌ನ ನನ್ನ ಹಳೆಯ ಸಹೋದ್ಯೋಗಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಆ ದಿನ ಶೋಕಾಚರಣೆ. ನಮ್ಮಲ್ಲಿ ಕ್ರಿಕೆಟ್ ಫೈನಲ್ ಸೋತ ಮರುದಿನ ಇರುತ್ತದಲ್ಲ, ಹಾಗೆ. ಮುಂದಿನ ವರ್ಷ ನೈಜೀರಿಯಾದ ಗಾಯಕಿ ಟೆಮ್ಸ್ ಗೆದ್ದಾಗ ಉಸಿರು ಬಿಟ್ಟರು.

2024ರಲ್ಲಿ ಹೆಡೀಸ್ ನಡೆಯಲಿಲ್ಲ. 2025ರ ಏಪ್ರಿಲ್ 27ರಂದು ಮತ್ತೆ ಲಾಗೋಸ್‌ಗೆ ಬಂತು. ನೆಕ್ಸ್ಟ್ ರೇಟೆಡ್ ಈ ಸಲ ಒಡುಮೊಡುಬ್ಲ್ಯಾಕ್ ಎಂಬ ರ‍್ಯಾಪರ್‌ಗೆ. ತಲೆ ಮೇಲೆ ಪಟ್ಟೆಪಟ್ಟೆಯ ಇಗ್ಬೊ ಟೋಪಿ, ಬಾಯಲ್ಲಿ ಪಿಜಿನ್ ಮತ್ತು ಇಗ್ಬೊ. ಇಗ್ಬೊ ಅಂದರೆ ಅಲ್ಲಿನ ಇನ್ನೊಂದು ಜನಾಂಗ, ಅವರ ಭಾಷೆಯ ಹೆಸರೂ ಅದೇ. ತನ್ನ ಶೈಲಿಗೆ ಅವನು ಕೊಟ್ಟ ಹೆಸರು ‘ಒಕ್ಪೊರೊಕೊ ರಿದಮ್ಸ್’. ಒಕ್ಪೊರೊಕೊ ಅಂದರೆ ಒಣಮೀನು. ಇಗ್ಬೊ ಅಡುಗೆಯ ಪ್ರಾಣ ಅದು. ಆದರೆ ಆ ಮೀನು ಬರುವುದು ನಾರ್ವೆಯಿಂದ. ದೂರದ ಸಾಮಾನು ತಂದು, ತಮ್ಮ ಮಡಕೆಯಲ್ಲಿ ಬೇಯಿಸಿ, ತಮ್ಮದೇ ಹೆಸರಿಟ್ಟರು. ಹಿಪ್ ಹಾಪ್‌ಗೂ ಅವರು ಮಾಡಿದ್ದು ಅದನ್ನೇ ಅಂತ ನನಗೆ ಹೊಳೆದದ್ದು ಈ ಮಾತು ಸಿದ್ಧ ಮಾಡುವಾಗ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು, ‘ಅಂಕಲ್, ಗೆದ್ದವರ ಪಟ್ಟಿಯಲ್ಲಿ ನೀವು ಹೆಂಗಸರ ಹೆಸರೇ ಹೇಳಲಿಲ್ಲ?’ ಮರೆತಿದ್ದಲ್ಲಮ್ಮಾ, 2011ರಿಂದ ಈಚೆಗೆ ನೆಕ್ಸ್ಟ್ ರೇಟೆಡ್ ಗೆದ್ದವರಲ್ಲಿ ಹೆಂಗಸರು ಇಲ್ಲ ಅಂದೆ. ‘ಟೆಮ್ಸ್ ಕೂಡ ಇಲ್ವಾ?’ ಇಲ್ಲ. ಅವಳು ಹುಬ್ಬು ಏರಿಸಿದಳು. ನನ್ನ ಚೀಟಿಯಲ್ಲಿ ಬರ್ನಾ ಬಾಯ್ ಹೆಸರಿನ ಪಕ್ಕ ‘ಲೋಪ’ ಅಂತ ಬರೆದುಕೊಂಡಿದ್ದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಆಮೇಲೆ ಅವಳೇ ತನ್ನ ಫೋನನ್ನು ಸ್ಪೀಕರ್‌ಗೆ ಜೋಡಿಸಿ ಟೆಮ್ಸ್ ಹಾಡು ಹಾಕಿದಳು. ಚಹಾ ಬರುವವರೆಗೆ ಕೇಳುತ್ತಾ ಕೂತೆವು.